ತಲೆಬರಹ

ಹೊಸ ಆವೃತ್ತಿ ಹಾಕಿದ ರಾತ್ರಿ,
ದುರ್ಗಿಗುಡಿಯ ಗುಂಡಿ-ದಾರದಂಗಡಿಯ ಮೇಲಿನ ಕೋಣೆ.
ಪರದೆ ಹೇಳಿತು: ಆ ಹೆಸರಿನವರು ಇಲ್ಲಿ ಯಾರೂ ಇಲ್ಲ.
ಬಾಡಿಗೆ ಮನೆಯ ಬಾಗಿಲಲ್ಲಿ
ಅರ್ಧ ಮುಖ ತೋರಿಸಿ, ಚಿಲಕ ಬಿಡದೆ ಹೇಳುತ್ತಾರಲ್ಲ, ಹಾಗೆ.

ಎರಡು ವರ್ಷದಿಂದ ಹೇಳುತ್ತಲೇ ಇದ್ದರು, ಸುಳ್ಳು ಯಾಕೆ.
ಪ್ರೋಗ್ರಾಂ ಓಡಿಸಿದಾಗಲೆಲ್ಲ ಒಂದು ಹಳದಿ ಸಾಲು:
ಇವನನ್ನು ನೆಚ್ಚಬೇಡಿ, ಹೊರಡುವವನು.
ಆ ಸಾಲಿನ ಬಾಯಿ ಮುಚ್ಚಿಸಲು
ನಾನೇ ಇನ್ನೊಂದು ಸಾಲು ಬರೆದಿದ್ದೆ.

ಭಾಷೆಯ ಜೊತೆಗೇ ಬರುತ್ತಿದ್ದ ಲೈಬ್ರರಿಯಿಂದ
ಎದ್ದುಹೋದವರು ಹತ್ತೊಂಬತ್ತು ಮಂದಿ.
ದೂರದ ಯಂತ್ರದ ಜೊತೆ ಮುಚ್ಚುಮರೆಯಿಲ್ಲದೆ ಮಾತಾಡುತ್ತಿದ್ದವನು,
ಪಾಸ್‌ವರ್ಡ್ ಅರೆದು ಕೊಡುತ್ತಿದ್ದವನು
(ಅವನ ಹಿಟ್ಟಿನಿಂದ ಕಾಳು ತೆಗೆಯುವುದು ಈಗ ಹೈಸ್ಕೂಲು ಹುಡುಗರಿಗೂ ಗೊತ್ತು),
ಅರ್ಜಿ ಇಸಕೊಂಡು ಒಳಗೆ ಒಯ್ಯುತ್ತಿದ್ದ ಜವಾನ,
ಮತ್ತೆ ನನ್ನವನು:
ಧ್ವನಿ ಕಡತದ ಮೊದಲ ಐನೂರ ಹನ್ನೆರಡು ಬೈಟು ನೋಡಿ
ಇದು ಇಂಥ ಜಾತಿಯದು ಅನ್ನುವವನು.
ನುಡಿಸಲಾರ, ಕತ್ತರಿಸಲಾರ.
ಚೀಲಕ್ಕೆ ಕೊಳವೆ ಚುಚ್ಚಿ, ಹಿಡಿ ಭತ್ತ ಅಂಗೈಗೆ ಸುರಿದು
ಹೆಸರು ಹೇಳುವುದಷ್ಟೇ ಉದ್ಯೋಗ.
ತಲೆಬರಹ ಓದುವವನು.
ತನ್ನ ಹಣೆಬರಹ ಅವನಿಗೆ ಗೊತ್ತಿರಲಿಲ್ಲ.

ನನ್ನ ಹತ್ತಿರ ಆರು ಸಾವಿರ ಕಪ್ಪೆಗಳಿವೆ.
ಹೊಸನಗರದಾಚೆಯ ಹಳ್ಳಗಳಲ್ಲಿ ಫ್ಲೇವಿಯಾ ಮೇಡಂ ಹಿಡಿದವು,
ಜೀವ ಅಲ್ಲ, ಗಂಟಲು.
ಯಾವ ಕಾಲದ ಯಾವ ಕಂಪ್ಯೂಟರಿನಲ್ಲಿ ಇಟ್ಟರೋ,
ಕಡತದ ಹೆಸರಿನ ಕೊನೆಗೆ ಬಾಲವಿಲ್ಲ
(ಕಪ್ಪೆಗೆ ಎಲ್ಲಿಯ ಬಾಲ).
ಸಂಕದ ಕೆಳಗೆ ಎರಡು.
ಟೀಕಪ್ಪ ಕೆಮ್ಮಿದ್ದು.
ಯಾವುದೋ, ನೋಡಬೇಕು.
ಅವನಿಲ್ಲದೆ ಇವು ಬರೀ ಗೋಣಿಚೀಲ, ಬಾಯಿ ಹೊಲಿದದ್ದು.

ಹಾಗಂತ ಅಳುವ ಮಾತಲ್ಲ.
ನಾನಾಗಿದ್ದರೂ ತೆಗೆಯುತ್ತಿದ್ದೆ.
ಎಲ್ಲೋ ಯಾರೋ ಸಂಬಳವಿಲ್ಲದೆ
ರಾತ್ರಿ ಊಟದ ತಟ್ಟೆ ತೊಳೆದಿಟ್ಟು ಕೂತು
ಇವರ ತೂತು ಹೊಲಿಯಬೇಕು.
ಬೇಕು ಅನ್ನುವವರು ನನ್ನಂಥ ನಾಲ್ಕು ಜನ,
ಸೂಜಿ ಹಿಡಿಯುವವರು ಸೊನ್ನೆ.
ಕೆಳಗಿನ ಖಲಂದರ್ ಸಾಬರು ಹೋದ ವರ್ಷ
ಹಿತ್ತಾಳೆ ಕೊಂಡಿಗಳ ಡಬ್ಬವನ್ನೇ ತೂಕಕ್ಕೆ ಹಾಕಿದರು.
ಯಾಕೆ ಅಂದೆ.
"ಗಿರಾಕಿ ವರ್ಷಕ್ಕೊಬ್ಬಳು ಬರ್ತಾಳೆ ಮೇಡಂ,
ಧೂಳು ದಿನಾ ಬರ್ತದೆ."

ಹಳೆಯ ಆವೃತ್ತಿ ಇನ್ನೂ ಡಿಸ್ಕಿನ ಮೂಲೆಯಲ್ಲಿತ್ತು.
ಅಲ್ಲಿಂದ ಅವನನ್ನು ಎತ್ತಿ
ನನ್ನ ಫೋಲ್ಡರಿನಲ್ಲಿ ಇಳಿಸಿದೆ.
ಹದಿನೈದು ವರ್ಷ ಕರೆದಿದ್ದೇನೆ ಇವನನ್ನು,
ಒಳಗೆ ಏನು ಬರೆದಿದೆ ಅಂತ ಓದಿದ್ದು ಇವತ್ತು.
ಇನ್ನೂರ ಐವತ್ತು ಚಿಲ್ಲರೆ ಸಾಲು.
ಎಂಟು ಪ್ರಶ್ನೆ, ಒಂದಾದ ಮೇಲೊಂದು:
ನೀನು ಅವನಾ? ಅಲ್ಲ. ಹಾಗಾದರೆ ಇವನಾ?
ಒಂದು ಕಡೆ ಬರೆದವರೇ ಒಪ್ಪಿಕೊಂಡಿದ್ದರು: ಇದು ಊಹೆ, ನಂಬಬೇಡಿ.
ಇಷ್ಟೇನಾ ಅನ್ನಿಸಿತು. ಇಷ್ಟಾ, ಅಂತಲೂ.

ಮೇಲುಗಡೆ ತಾರೀಕು ಹಾಕಿ ಬರೆದೆ:
ಇನ್ನು ಮುಂದೆ ತೂತು ಬಿದ್ದರೆ ಜಲಜಾಕ್ಷಿಯನ್ನು ಕೇಳಿ,
ಮೇಲಿನ ಕೋಣೆ.
ಕೇಳುವವಳೂ ನಾನೇ.

ಓಡಿಸಿದೆ.
'ಟೀಕಪ್ಪ ಕೆಮ್ಮಿದ್ದು' ಗುರುತು ಸಿಕ್ಕಿತು. ತೆರೆದೆ.
ಮೊದಲು ನೀರು. ಆಮೇಲೆ ಕೆಮ್ಮು.
ಒಂದು ಕಪ್ಪೆ, ಅರ್ಧ ಕೂಗು,
ಅಷ್ಟರಲ್ಲಿ ಅವನು ಏನೋ ಹೆಸರು ಹೇಳಿಯೇಬಿಟ್ಟ.
ಪೂರ್ತಿ ಕೇಳಿ ಹೇಳಿ ಟೀಕಪ್ಪ, ಮೇಡಂ ದನಿ.
"ಪೂರ್ತಿ ಎಂತಕ್ಕೆ? ಬಾಯಿ ಬಿಡ್ತಿದ್ದಂಗೆ ಗೊತ್ತಾಗ್ತದಲ."
ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ, ನಾಲ್ಕು ಸಲ.
ಹೇಳಿದ ಹೆಸರು ಮಾತ್ರ
ನೀರಿನ ಸದ್ದಿನಲ್ಲಿ ಕೊಚ್ಚಿಹೋಗಿದೆ.

ಬೆಳಗಿನ ಹೊತ್ತಿಗೆ ಮೂರು ಕಡತ ಉಳಿದವು,
ಎಂಟೂ ಪ್ರಶ್ನೆಗೆ ಅಲ್ಲ ಅಲ್ಲ ಅಂದವು.
ಒಂಬತ್ತನೆಯದು ನಾನು ಬರೆಯಬೇಕು.

ಕೆಳಗೆ ಷಟರ್ ಎತ್ತಿದ ಸದ್ದು.
ಧೂಳು ಬಂದಿರಬೇಕು.